ಹೈಲೈಟ್ಸ್‌ನಲ್ಲಿ ಜೆಂಟಿ, ಪೂರ್ತಿ ಮ್ಯಾಚಿನಲ್ಲಿ ಹಂಟರ್: ಒಂದು ಸೀಸನ್ ಪ್ಯಾಕಿನ ರಿವ್ಯೂ

ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವುದಕ್ಕೆ ದುಡ್ಡು ಕೊಟ್ಟು ಆ್ಯಪ್ ಹಾಕಿಸಿಕೊಳ್ಳಬೇಕಾ, ಇಲ್ಲ ಯೂಟ್ಯೂಬಿನ ಬಿಟ್ಟಿ ಹೈಲೈಟ್ಸ್ ಸಾಕಾ? ಮುಂಬೈ ಪಕ್ಕದ ಡೊಂಬಿವಿಲಿಯ ನಮ್ಮ ಬಿಲ್ಡಿಂಗಿನಲ್ಲಿ ಈ ಚಿಂತೆ ಇರುವುದು ನನಗೊಬ್ಬನಿಗೇ, ಗೊತ್ತು. ಆದರೆ ಐರೋಲಿ, ಪುಣೆಯ ಹಿಂಜೇವಾಡಿ ಕಡೆ ಅಮೆರಿಕದ ಶಿಫ್ಟಿನಲ್ಲಿ ದುಡಿಯುವ ಕನ್ನಡದವರು ಕಡಿಮೆ ಏನಿಲ್ಲ. ಸೋಮವಾರದ ಕಾಲ್ ಶುರುವಾದರೆ ಕ್ಲೈಂಟ್ ಮೊದಲ ಹತ್ತು ನಿಮಿಷ ಇದನ್ನೇ ಮಾತಾಡುತ್ತಾನೆ. ನಾವು ಸುಮ್ನೆ ಹೂಂಗುಟ್ಟುತ್ತೇವೆ. ನಾನು ಮೂರು ವರ್ಷ ಹೂಂಗುಟ್ಟಿದೆ. 2024ರ ಆಗಸ್ಟ್‌ನಲ್ಲಿ ನನಗೇ ನಾಚಿಕೆಯಾಗಿ ಒಂದು ಪ್ಯಾಕ್ ತಗೊಂಡೆ. ಅದರ ರಿವ್ಯೂ ಇದು. ಆ್ಯಪಿನ ಹೆಸರು ಹೇಳುವುದಿಲ್ಲ, ಬೈಯುವುದು ಬಹಳ ಇದೆ.

ತಿಂಗಳಿಗೆ 600 ಚಿಲ್ಲರೆ. ನಾನು, ಮುಲುಂಡ್‌ನಲ್ಲಿರುವ ನಮ್ಮ ಭಾವ, ಆಫೀಸಿನ ಒಬ್ಬ ಗೆಳೆಯ, ಮೂವರೂ ಹಂಚಿಕೊಂಡೆವು. ಗೆಳೆಯ ಎರಡನೇ ವಾರಕ್ಕೇ ಕೈಕೊಟ್ಟ, ದುಡ್ಡು ಮಾತ್ರ ಪಾಪ ಕೊಡುತ್ತಾ ಹೋದ. ಈ ದುಡ್ಡಿಗೆ ಸಿಗುವುದು ನಾಲ್ಕು ಬಗೆ: ಲೈವ್, ಮ್ಯಾಚ್ ಮುಗಿದ ಮೇಲೆ ಪೂರ್ತಿ ಮರುಪ್ರಸಾರ, ನಡುವಿನ ಕಾಯುವಿಕೆ ಎಲ್ಲ ಕತ್ತರಿಸಿದ 40 ನಿಮಿಷದ ಆವೃತ್ತಿ, ಮತ್ತೆ ಎಂಟು ನಿಮಿಷದ ಹೈಲೈಟ್ಸ್. ಈ ಕೊನೆಯದು ಯೂಟ್ಯೂಬಿನಲ್ಲೂ ಬಿಟ್ಟಿ ಸಿಗುತ್ತದೆ. ಹಾಗಾದರೆ 600 ಕೊಡುವುದು ಯಾಕೆ? ನನ್ನ ಉತ್ತರ ಒಂದೇ, ಕೊಲರಾಡೋ ಕಾಲೇಜು ತಂಡದ ಆಟಗಾರ ಟ್ರಾವಿಸ್ ಹಂಟರ್. ಆ ಹುಡುಗನನ್ನು ಎಂಟು ನಿಮಿಷದಲ್ಲಿ ನೋಡುವುದಕ್ಕೆ ಆಗುವುದೇ ಇಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ.

ಮೊದಲು ಈ ಆಟವನ್ನು ನಮ್ಮ ಭಾವನಿಗೆ ಹೇಗೆ ತಿಳಿಸಿದೆ ಅಂತ ಹೇಳಿಬಿಡುತ್ತೇನೆ, ಹೊಸಬರಿಗೆ ಅನುಕೂಲ. ಇದು ನಮ್ಮ ಫುಟ್‌ಬಾಲ್ ಅಲ್ಲ, ಕಬಡ್ಡಿ ಅಂದುಕೊಳ್ಳಿ. ಒಂದು ತಂಡ ನುಗ್ಗುತ್ತದೆ, ಇನ್ನೊಂದು ಹಿಡಿಯುತ್ತದೆ. ನಾಲ್ಕು ಸಲದೊಳಗೆ 10 ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಿನವರಿಗೆ. ಚೆಂಡನ್ನು ಹಿಡಿದು ಆ ತುದಿ ದಾಟಿದರೆ ಟಚ್‌ಡೌನ್, 6 ಅಂಕ. ಕ್ವಾರ್ಟರ್‌ಬ್ಯಾಕ್ ಅಂದರೆ ಚೆಂಡು ಎಸೆಯುವ ಯಜಮಾನ. ರನ್ನಿಂಗ್ ಬ್ಯಾಕ್ ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಡುವವನು, ಅಪ್ಪಟ ರೈಡರ್. ವೈಡ್ ರಿಸೀವರ್ ಮುಂದೆ ಓಡಿ ಹೋಗಿ ಎಸೆದದ್ದನ್ನು ಹಿಡಿಯುವವನು. ಆ ರಿಸೀವರ್‌ಗೆ ಬೆನ್ನಟ್ಟಿ ಅಂಟಿಕೊಳ್ಳುವ ಡಿಫೆಂಡರ್‌ನ ಹೆಸರು ಕಾರ್ನರ್‌ಬ್ಯಾಕ್. ಕಬಡ್ಡಿಯಲ್ಲೂ ಕಾರ್ನರ್ ಅಂತಾರಲ್ವಾ, ಅಲ್ಲಿ ಭಾವನಿಗೆ ಬೇಗ ತಲೆಗೆ ಹೋಯಿತು. ಭಾವ ಕುಂದಾಪುರದಲ್ಲಿ ಶಾಲೆಯಲ್ಲಿದ್ದಾಗ ಎಡ ಕಾರ್ನರ್, ಈಗಲೂ ಮಂಡಿ ನೋವು ಬಂದಾಗೆಲ್ಲ ಅದನ್ನೇ ಹೇಳುತ್ತಾರೆ.

ಮುಖ್ಯ ಮಾತು ಏನೆಂದರೆ, ಕಬಡ್ಡಿಯಲ್ಲಿ ಅದೇ ಏಳು ಜನ ರೈಡೂ ಮಾಡಬೇಕು, ಹಿಡಿಯಲೂ ಬೇಕು. ಇಲ್ಲಿ ಹಾಗಲ್ಲ. ಚೆಂಡು ಕೈ ಬದಲಾದ ತಕ್ಷಣ 11 ಜನ ಹೊರಗೆ ಹೋಗಿ ಬೇರೆ 11 ಜನ ಒಳಗೆ ಬರುತ್ತಾರೆ. ನುಗ್ಗುವವರು ಬೇರೆ, ತಡೆಯುವವರು ಬೇರೆ. ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಹೈಸ್‌ಮನ್ ಪ್ರಶಸ್ತಿ. ಕಾಲೇಜ್ ಫುಟ್‌ಬಾಲಿನ ಆ ವರ್ಷದ ಅತ್ಯುತ್ತಮ ಆಟಗಾರನಿಗೆ 1935ರಿಂದ ಕೊಡುತ್ತಾ ಬಂದಿದ್ದಾರೆ. ನ್ಯೂಯಾರ್ಕಿನ ಒಂದು ಅಥ್ಲೆಟಿಕ್ ಕ್ಲಬ್ಬು ಶುರು ಮಾಡಿದ್ದು, ಮರುವರ್ಷ ಕ್ಲಬ್ಬಿನ ಕ್ರೀಡಾ ನಿರ್ದೇಶಕ ಜಾನ್ ಹೈಸ್‌ಮನ್ ತೀರಿಹೋದ ಮೇಲೆ ಅವರ ಹೆಸರು ಇಟ್ಟರು. ಕಂಚಿನ ಬೊಂಬೆ, ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈ ಚಾಚಿ ಎದುರಿನವನನ್ನು ತಳ್ಳುವ ಭಂಗಿ. ವೋಟು ಹಾಕುವವರು 870 ಪತ್ರಕರ್ತರು, ಹಿಂದೆ ಗೆದ್ದು ಇನ್ನೂ ಬದುಕಿರುವವರು; ಇಡೀ ಅಭಿಮಾನಿ ಬಳಗಕ್ಕೆ ಮಾತ್ರ ಸೇರಿ ಒಂದೇ ಒಂದು ವೋಟು. ಪ್ರತಿಯೊಬ್ಬರೂ ಮೂರು ಹೆಸರು ಬರೆಯಬೇಕು. ಮೊದಲನೆಯದಕ್ಕೆ 3 ಅಂಕ, ಎರಡಕ್ಕೆ 2, ಮೂರಕ್ಕೆ 1. ಎರಡು ಸಲ ಗೆದ್ದವನು ಇಲ್ಲಿಯವರೆಗೆ ಒಬ್ಬನೇ, ಆರ್ಚಿ ಗ್ರಿಫಿನ್, 1974 ಮತ್ತು 1975. ಉಳಿದಂತೆ ಬಹುಪಾಲು ಕ್ವಾರ್ಟರ್‌ಬ್ಯಾಕ್ ಇಲ್ಲ ರನ್ನಿಂಗ್ ಬ್ಯಾಕ್‌ಗಳದ್ದೇ ರಾಜ್ಯಭಾರ. ಡಿಫೆಂಡರ್ ಅಂತ ಹೆಸರಾದವನೊಬ್ಬ ಗೆದ್ದದ್ದು 1997ರಲ್ಲಿ, ಮಿಷಿಗನ್‌ನ ಚಾರ್ಲ್ಸ್ ವುಡ್ಸನ್. ನಮ್ಮಲ್ಲೂ ಅಷ್ಟೇ ಅಲ್ವಾ, ಪೇಪರಿನಲ್ಲಿ ಫೋಟೋ ಬರುವುದು ರೈಡರ್‌ಗೆ, ಕಾಲು ಹಿಡಿದು ಮಂಡಿ ಒಡೆದುಕೊಂಡವನಿಗಲ್ಲ.

2024ರಲ್ಲಿ ಕೊನೆಗೆ ಉಳಿದವರು ನಾಲ್ವರು: ಕೊಲರಾಡೋದ ಟ್ರಾವಿಸ್ ಹಂಟರ್, ಬಾಯ್ಸಿ ಸ್ಟೇಟ್‌ನ ಆಷ್ಟನ್ ಜೆಂಟಿ, ಒರೆಗಾನ್‌ನ ಡಿಲನ್ ಗೇಬ್ರಿಯಲ್, ಮಯಾಮಿಯ ಕ್ಯಾಮ್ ವಾರ್ಡ್.

ಗೇಬ್ರಿಯಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹವಾಯಿಯ ಹುಡುಗ, ಎಡಗೈಯಲ್ಲಿ ಎಸೆಯುತ್ತಾನೆ, ಒರೆಗಾನ್ ಅವನ ಮೂರನೇ ಕಾಲೇಜು. ಪ್ರಶಸ್ತಿ ಕೊಡುವ ಹೊತ್ತಿಗೆ ತಂಡ 13ಕ್ಕೆ 13 ಗೆದ್ದಿತ್ತು. ತಪ್ಪು ಮಾಡುವುದಿಲ್ಲ, ಗಾಬರಿ ಬೀಳುವುದಿಲ್ಲ, ಸರಿಯಾದ ಹೊತ್ತಿಗೆ ಬಂದು ಹೋಗುವ ಲೋಕಲ್ ರೈಲು ಇದ್ದ ಹಾಗೆ. ಲೋಕಲ್ ಟೈಮಿಗೆ ಬಂತು ಅಂತ ಯಾರೂ ಹಾರ ಹಾಕುವುದಿಲ್ಲ, ಅಷ್ಟೇ. ನನಗೆ ಅವನ ಮ್ಯಾಚುಗಳಲ್ಲಿ ಎರಡು ಸಲ ನಿದ್ದೆ ಬಂತು.

ವಾರ್ಡ್ ಬೇರೆ ಜಾತಿ. ಶಾಲೆಯಿಂದ ಹೊರಬಂದಾಗ ದೊಡ್ಡ ಕಾಲೇಜುಗಳು ಯಾವುವೂ ಇವನನ್ನು ಮೂಸಿ ನೋಡಲಿಲ್ಲ. ಟೆಕ್ಸಸ್‌ನ ಇನ್‌ಕಾರ್ನೇಟ್ ವರ್ಡ್ ಅನ್ನುವ ಸಣ್ಣ ಕಾಲೇಜಿನಲ್ಲಿ ಶುರು ಮಾಡಿ, ವಾಷಿಂಗ್ಟನ್ ಸ್ಟೇಟ್‌ಗೆ ಹೋಗಿ, ಮಯಾಮಿಗೆ ಬಂದವನು. ಅಕ್ಟೋಬರ್ 6ರ ಭಾನುವಾರ ಬೆಳಿಗ್ಗೆ ನಮ್ಮ ಎಂಟು ಗಂಟೆಗೆ ಕ್ಯಾಲಿಫೋರ್ನಿಯಾ ವಿರುದ್ಧದ ಮ್ಯಾಚು. ಅಲ್ಲಿ ಇನ್ನೂ ಶನಿವಾರ ರಾತ್ರಿ. ಒಂದು ಹೊತ್ತಿನಲ್ಲಿ 35-10 ಹಿಂದೆ. ಅಮ್ಮ ಇಡ್ಲಿ ತಟ್ಟೆ ತಂದಿಟ್ಟಾಗ ಟಿವಿ ಆಫ್ ಮಾಡಬೇಕು ಅಂತಿದ್ದೆ, ಮಾಡಲಿಲ್ಲ, ರಿಮೋಟ್ ಅಮ್ಮನ ಹತ್ತಿರ ಇತ್ತು. ಆಮೇಲೆ ಆ ಮನುಷ್ಯ ಎಸೆದದ್ದೇ ಎಸೆದದ್ದು, ನೆಲಕ್ಕೆ ಬೀಳುತ್ತಾ ಎಸೆದ, ಓಡುತ್ತಾ ಎಸೆದ, 39-38ಕ್ಕೆ ಗೆಲ್ಲಿಸಿಯೇ ಬಿಟ್ಟ. ಆ ಬೆಳಿಗ್ಗೆ ಒಂದಕ್ಕೇ ತಿಂಗಳ ದುಡ್ಡು ವಸೂಲಿ. ಆದರೆ ಮಯಾಮಿಯ ಡಿಫೆನ್ಸ್ ಸೋರುವ ಮಾಡು, ಎಷ್ಟು ಪಾತ್ರೆ ಇಟ್ಟರೂ ಸಾಲದು. ಜಾರ್ಜಿಯಾ ಟೆಕ್ ಮತ್ತು ಸಿರಕ್ಯೂಸ್ ಹತ್ತಿರ ಸೋತು, ಸೀಸನ್ ಕೊನೆಯ ನಾಕೌಟ್ ಸುತ್ತಾದ ಪ್ಲೇಆಫ್‌ಗೂ ಹೋಗಲಿಲ್ಲ. ಪ್ರಶಸ್ತಿಯ ಹೊತ್ತಿಗೆ 36 ಟಚ್‌ಡೌನ್ ಪಾಸ್ ಇದ್ದರೂ ವೋಟು ಹಾಕುವವರು ಸೋಲನ್ನೇ ನೋಡಿದರು. ನಾನಾಗಿದ್ದರೆ ಮೂರನೇ ಜಾಗ ಇವನಿಗೇ ಕೊಡುತ್ತಿದ್ದೆ.

ಈಗ ಜೆಂಟಿ. ಇವನು ಭಾವನ ಕ್ಯಾಂಡಿಡೇಟ್.

ಸೀಸನ್ನಿನ ಮೊದಲ ಮ್ಯಾಚಿನಲ್ಲೇ ಜಾರ್ಜಿಯಾ ಸದರ್ನ್ ಮೇಲೆ 267 ಗಜ, 6 ಟಚ್‌ಡೌನ್. ಭಾವ ಮುಲುಂಡ್ ಸ್ಟೇಷನ್ನಿನಲ್ಲಿ ನಿಂತು ಫೋನಿನಲ್ಲಿ ಅದರ ಹೈಲೈಟ್ಸ್ ನೋಡಿದವರು ಅಲ್ಲೇ ತೀರ್ಪು ಕೊಟ್ಟರು. "ಇನ್ನು ಎಂತ ನೋಡ್ಲಿಕ್ಕಿಲ್ಲ ಮಾರಾಯ, ಇವನಿಗೇ ಕೊಡ್ಬೇಕು." ಅಲ್ಲಿಂದ ಡಿಸೆಂಬರ್ ತನಕ ಅವರು ಒಂದು ಪೂರ್ತಿ ಮ್ಯಾಚೂ ನೋಡಲಿಲ್ಲ, ಅಭಿಪ್ರಾಯವೂ ಬದಲಾಗಲಿಲ್ಲ.

ಅವರದ್ದು ಪೂರಾ ತಪ್ಪು ಅಂತ ಹೇಳಲೂ ಆಗುವುದಿಲ್ಲ. ಜೆಂಟಿ ನಿಲ್ಲುವುದನ್ನೇ ನೋಡಬೇಕು. ಬೇರೆ ರನ್ನಿಂಗ್ ಬ್ಯಾಕ್‌ಗಳೆಲ್ಲ ಮಂಡಿ ಬಗ್ಗಿಸಿ, ತೊಡೆಯ ಮೇಲೆ ಕೈಯಿಟ್ಟು, ಹಾರಲು ತಯಾರಾದ ಬೆಕ್ಕಿನ ಹಾಗೆ ಕಾಯುತ್ತಾರೆ. ಇವನು ನೆಟ್ಟಗೆ, ಕೈ ಇಳಿಬಿಟ್ಟು, ಅಲುಗಾಡದೆ ನಿಂತಿರುತ್ತಾನೆ. ಪ್ಲಾಟ್‌ಫಾರ್ಮಿನಲ್ಲಿ 8.14ರ ಫಾಸ್ಟ್‌ಗೆ ಕಾಯುವ ಗುಮಾಸ್ತ ಅನ್ನಬೇಕು. ಚೆಂಡು ಕೈಗೆ ಬಂದ ಮರುಗಳಿಗೆ ಮಾತ್ರ ಆ ಗುಮಾಸ್ತ ಇಲ್ಲ. ಎತ್ತರ ಇಲ್ಲ, ಗಟ್ಟಿ ಮುಷ್ಟಿಯಂಥ ಮೈ, ಒಬ್ಬ ಸೊಂಟಕ್ಕೆ ಕೈ ಹಾಕಿದರೆ ತಿರುಗಿ ಬಿಡಿಸಿಕೊಂಡ, ಇನ್ನೊಬ್ಬ ಕಾಲಿಗೆ ಬಿದ್ದರೆ ದಾಟಿದ, ಮೂರನೆಯವನು ಬರುವ ಹೊತ್ತಿಗೆ ಅವನು ಅಲ್ಲಿಲ್ಲ. ಅಪ್ಪ ಅಮೆರಿಕದ ನೌಕಾಪಡೆಯಲ್ಲಿದ್ದವರು, ಇಟಲಿಯ ನೇಪಲ್ಸ್‌ಗೆ ವರ್ಗವಾದಾಗ ಈ ಹುಡುಗ ಅಲ್ಲಿ ಈ ಆಟ ಕಲಿತದ್ದಂತೆ. ಹಡಗಿನ ಮಕ್ಕಳ ಕಥೆ ನಮ್ಮ ಕರಾವಳಿಯವರಿಗೆ ಬೇಗ ಹತ್ತಿರ ಆಗುತ್ತದೆ, ಭಾವನ ಒಲವಿಗೆ ಅದೂ ಒಂದು ಕಾರಣ ಇದ್ದೀತು.

ಪ್ರಶಸ್ತಿಯ ಹೊತ್ತಿಗೆ 344 ಸಲ ಚೆಂಡು ಹಿಡಿದು ಓಡಿ 2,497 ಗಜ, 29 ಟಚ್‌ಡೌನ್. ಒಂದು ಓಟಕ್ಕೆ 7 ಗಜಕ್ಕಿಂತ ಜಾಸ್ತಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ, 5 ಬಂದರೆ ಒಳ್ಳೆಯ ಆಟಗಾರ ಅನ್ನುತ್ತಾರೆ. ಕೆಲವು ಮ್ಯಾಚುಗಳಲ್ಲಿ ತಂಡ ಬಹಳ ಮುಂದೆ ಇತ್ತು ಅಂತ ದ್ವಿತೀಯಾರ್ಧದಲ್ಲಿ ಇವನನ್ನು ಕೂರಿಸಿದ್ದರು, ಆದರೂ ಇಷ್ಟು. ಬಾಯ್ಸಿ ಆಡಿದ್ದು ಸಣ್ಣ ಸಣ್ಣ ತಂಡಗಳ ಜೊತೆ ಅಂತ ಮೂಗು ಮುರಿಯುವವರು ಇದ್ದಾರೆ. ಅವರು ಸೆಪ್ಟೆಂಬರ್ 8ರ ಬೆಳಿಗ್ಗೆ ಒರೆಗಾನ್ ವಿರುದ್ಧದ ಮ್ಯಾಚ್ ನೋಡಲಿ. ಆ ವರ್ಷ ಲೀಗ್ ಹಂತದಲ್ಲಿ ಯಾರೂ ಸೋಲಿಸಲಾಗದ ತಂಡದ ಮೇಲೆ, ಅವರದೇ ಊರಿನಲ್ಲಿ, 192 ಗಜ, 3 ಟಚ್‌ಡೌನ್. ಬಾಯ್ಸಿ 37-34ಕ್ಕೆ ಸೋತಿತು, ಕೊನೆಯ ಕ್ಷಣದ ಕಿಕ್‌ನಲ್ಲಿ. ಗೇಬ್ರಿಯಲ್ ಗೆದ್ದ ಮ್ಯಾಚು ಅದು, ಆದರೆ ಮ್ಯಾಚ್ ಮುಗಿದ ಮೇಲೆ ಕಣ್ಣಲ್ಲಿ ಉಳಿದವನು ಜೆಂಟಿ.

ಇಲ್ಲಿ ಆ್ಯಪಿಗೆ ಮೊದಲ ಬೈಗುಳ. ಬಾಯ್ಸಿಯ ಮೈದಾನ ನೀಲಿ. ಸುಮ್ನೆ ಹೇಳುತ್ತಿಲ್ಲ, ಹುಲ್ಲಿನ ಬದಲು ಹಾಸಿದ ಟರ್ಫಿನ ಬಣ್ಣವೇ ಕಡು ನೀಲಿ, 1986ರಿಂದ. ಊರಿನಲ್ಲಿ ಆಡುವಾಗ ತಂಡದ ಬಟ್ಟೆಯೂ ಬಹಳ ಸಲ ನೀಲಿ. ನಮ್ಮ ಆ್ಯಪ್ ಏನು ಮಾಡುತ್ತದೆಂದರೆ, ನೆಟ್ ಚೆನ್ನಾಗಿದ್ದರೂ ಮೊದಲ ಹತ್ತು ನಿಮಿಷ ಚಿತ್ರವನ್ನು ಮಸುಕಾಗಿಯೇ ಕೊಡುತ್ತದೆ. ನೀಲಿಯ ಮೇಲೆ ನೀಲಿ, ಅದರ ಮೇಲೆ ಮಸುಕು. ವಾಷಿಂಗ್ಟನ್ ಸ್ಟೇಟ್ ಮ್ಯಾಚಿನ ದಿನ ನಾನು ನೋಡಿದ್ದು ಎದುರು ತಂಡದವರು ಯಾರನ್ನೋ ಅಟ್ಟಿಸಿಕೊಂಡು ಹೋಗುವುದನ್ನು ಮಾತ್ರ. ಯಾರನ್ನು ಅಂತ ಕಾಣಿಸಲಿಲ್ಲ. ಆಮೇಲೆ ಸ್ಕೋರ್ ನೋಡಿದರೆ ಜೆಂಟಿಗೆ 259 ಗಜ, 4 ಟಚ್‌ಡೌನ್. ಕಸ್ಟಮರ್ ಕೇರ್‌ಗೆ ಬರೆದೆ. ಆ್ಯಪ್ ತೆಗೆದು ಮತ್ತೆ ಹಾಕಿ ನೋಡಿ ಅಂದರು. ಮತ್ತೆ ಬರೆದೆ. ಬ್ರೈಟ್‌ನೆಸ್ ಜಾಸ್ತಿ ಮಾಡಿ ಅಂದರು.

ಎರಡನೇ ಬೈಗುಳ ಇದಕ್ಕಿಂತ ದೊಡ್ಡದು. ರಾತ್ರಿ ಶಿಫ್ಟ್ ಮಾಡುವವನು ಎಲ್ಲವನ್ನೂ ಲೈವ್ ನೋಡಲು ಆಗುವುದಿಲ್ಲ, ಭಾನುವಾರ ಮಧ್ಯಾಹ್ನ ಎದ್ದು ಮರುಪ್ರಸಾರ ನೋಡುತ್ತಾನೆ. ಮರುಪ್ರಸಾರ ಹುಡುಕಲು ಆ್ಯಪ್ ತೆರೆದರೆ ಪ್ರತಿ ಮ್ಯಾಚಿನ ಚಿತ್ರದ ಮೇಲೂ ಫಲಿತಾಂಶ ದಪ್ಪ ಅಕ್ಷರದಲ್ಲಿ! ಊಟಕ್ಕೆ ಕೂರುವ ಮೊದಲೇ ಕೈ ತೊಳೆಸಿ ಕಳಿಸಿದ ಹಾಗೆ. ನಾನು ಕೊನೆಗೆ ಹೆಬ್ಬೆರಳಿನಿಂದ ಪರದೆಯ ಮೇಲರ್ಧ ಮುಚ್ಚಿಕೊಂಡು ಒತ್ತುವುದು ಕಲಿತೆ. ಲೈವ್‌ನಲ್ಲಿ ಇನ್ನೊಂದು ಕಾಟ. ಈ ಆಟಕ್ಕೆ ಮೂರೂವರೆ ಗಂಟೆ ಬೇಕು, ಅದರಲ್ಲಿ ಜಾಹೀರಾತಿನ ಬಿಡುವೇ ಎಷ್ಟೋ. ಅಮೆರಿಕದ ಜಾಹೀರಾತು ನಮಗೆ ತೋರಿಸುವುದಿಲ್ಲ, ಬದಲಿಗೆ ಒಂದು ಬೋರ್ಡು ನಿಲ್ಲಿಸಿ ಅದೇ ಎಂಟು ಸೆಕೆಂಡಿನ ಸಂಗೀತ ಮತ್ತೆ ಮತ್ತೆ. ನಮ್ಮ ಅಮ್ಮ ಈಗಲೂ ಅಡುಗೆಮನೆಯಲ್ಲಿ ಗೊತ್ತಿಲ್ಲದೆ ಅದನ್ನು ಗುನುಗುತ್ತಾರೆ.

40 ನಿಮಿಷದ ಆವೃತ್ತಿ ಮಾತ್ರ ಚಿನ್ನ, ಒಪ್ಪಬೇಕು. ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಡೊಂಬಿವಿಲಿಯಲ್ಲಿ ಹತ್ತಿ ಕುರ್ಲಾ ಬರುವಷ್ಟರಲ್ಲಿ ಒಂದು ಮ್ಯಾಚು ಮುಗಿಯುತ್ತದೆ, ದಿವಾ ಆದ ಮೇಲೆ ನೆಟ್ ಹೋಗುವ ತಲೆಬಿಸಿಯೂ ಇಲ್ಲ. ಕೂರಲು ಜಾಗ ಸಿಕ್ಕಿದರೆ ಅನ್ನುವ ಮಾತು ಬೇರೆ.

ಹಂಟರ್‌ಗೆ ಬರೋಣ.

ಅಂಕಿ ಮೊದಲು ಹೇಳಿ ಮುಗಿಸುತ್ತೇನೆ. ಪ್ರಶಸ್ತಿಯ ಹೊತ್ತಿಗೆ ರಿಸೀವರ್ ಆಗಿ 92 ಕ್ಯಾಚ್, 1,152 ಗಜ, 14 ಟಚ್‌ಡೌನ್. ಕಾರ್ನರ್‌ಬ್ಯಾಕ್ ಆಗಿ 4 ಇಂಟರ್ಸೆಪ್ಷನ್, ಅಂದರೆ ಎದುರಿನವರು ಎಸೆದದ್ದನ್ನು ನಡುವೆ ಕಸಿದದ್ದು. ಇದಲ್ಲದೆ 11 ಪಾಸ್ ತಟ್ಟಿ ಕೆಡವಿದ್ದು. ಬರೇ ರಿಸೀವರ್ ಅಂತ ನೋಡಿದರೂ ದೇಶದ ಮೇಲಿನ ಸಾಲಿನಲ್ಲಿ, ಬರೇ ಕಾರ್ನರ್ ಅಂತ ನೋಡಿದರೂ ಮೇಲಿನ ಸಾಲಿನಲ್ಲಿ. ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ, ಅತ್ಯುತ್ತಮ ಡಿಫೆಂಡರ್‌ಗೆ ಕೊಡುವ ಬೆಡ್ನರಿಕ್ ಪ್ರಶಸ್ತಿ, ಎರಡನ್ನೂ ಅದೇ ವರ್ಷ ತಗೊಂಡ. ಎರಡೂ ಒಬ್ಬನಿಗೇ ಸಿಕ್ಕಿದ್ದು ಅದೇ ಮೊದಲು. ಚೆಂಡು ಕೈ ಬದಲಾದಾಗ 22 ಜನ ಹೊರಗೆ ಹೋಗಿ ಬರುತ್ತಾರೆ ಅಂದೆನಲ್ಲ, ಆ ಗುಂಪು ಹೊರಗೆ ಹೋಗುವಾಗ 12 ನಂಬರಿನ ಒಬ್ಬ ಮಾತ್ರ ಅಲ್ಲೇ ನಿಂತಿರುತ್ತಾನೆ. ಸೊಂಟದ ಮೇಲೆ ಕೈಯಿಟ್ಟು ಉಸಿರು ಎಳೆದುಕೊಂಡು, ಈ ಕಡೆ ತಿರುಗಿದ್ದವನು ಆ ಕಡೆ ತಿರುಗುತ್ತಾನೆ, ಅಷ್ಟೇ ಅವನ ವಿಶ್ರಾಂತಿ. ಬೇರೆಯವರು 60, 70 ಸಲ ಆಡಿದರೆ ಇವನು ಬಹುಪಾಲು ಮ್ಯಾಚುಗಳಲ್ಲಿ ನೂರಕ್ಕಿಂತ ಜಾಸ್ತಿ. ಅದೂ ಬೋಲ್ಡರ್ ಊರಿನಲ್ಲಿ, ಸಮುದ್ರಮಟ್ಟದಿಂದ 5,000 ಅಡಿಗೂ ಮೇಲೆ, ಗಾಳಿಯೇ ತೆಳುವಾದ ಕಡೆ.

ಈ ದೃಶ್ಯ ಯಾವ ಹೈಲೈಟ್ಸ್‌ನಲ್ಲೂ ಇರುವುದಿಲ್ಲ. ಯಾಕೆಂದರೆ ಅಲ್ಲಿ ಏನೂ ಆಗುತ್ತಿಲ್ಲ!

ಇನ್ನೂ ಒಂದು ಇದೆ. ಒಳ್ಳೆಯ ಕಾರ್ನರ್‌ಬ್ಯಾಕ್ ಇದ್ದ ಕಡೆಗೆ ಎದುರಿನ ಕ್ವಾರ್ಟರ್‌ಬ್ಯಾಕ್ ಚೆಂಡನ್ನೇ ಎಸೆಯುವುದಿಲ್ಲ. ಹಂಟರ್ ನಿಂತ ಬದಿ ಬಂದ್, ದುರಸ್ತಿಗೆ ಅಂತ ರೈಲು ನಿಲ್ಲಿಸುವ ಮೆಗಾಬ್ಲಾಕ್ ದಿನದ ಹಳಿಯ ಹಾಗೆ. ಅವನು ತನ್ನ ರಿಸೀವರ್‌ನ ಜೊತೆ 40 ಗಜ ಓಡುತ್ತಾನೆ, ಚೆಂಡು ಇನ್ನೊಂದು ಬದಿಗೆ ಹೋಗುತ್ತದೆ, ವಾಪಸ್ ನಡೆದು ಬರುತ್ತಾನೆ. ಲೆಕ್ಕದಲ್ಲಿ ಸೊನ್ನೆ. ಜೆಂಟಿಯ ಪ್ರತಿ ಹೆಜ್ಜೆಯನ್ನೂ ಗಜದಲ್ಲಿ ಅಳೆದು ಬರೆದಿಡುತ್ತಾರೆ, ಇವನ ಅರ್ಧ ಕೆಲಸ ಯಾವ ಪುಸ್ತಕಕ್ಕೂ ಏರುವುದಿಲ್ಲ. ನನಗೆ ಇದು ಅರ್ಥವಾದದ್ದು ಅವನು ಇಲ್ಲದಾಗ. ಅಕ್ಟೋಬರ್‌ನಲ್ಲಿ ಕಾನ್ಸಾಸ್ ಸ್ಟೇಟ್ ವಿರುದ್ಧ ಮೊದಲರ್ಧದಲ್ಲೇ ಭುಜಕ್ಕೆ ಪೆಟ್ಟಾಗಿ ಹೊರಗೆ ಹೋದ. ಕೊಲರಾಡೋ ಹೇಗೋ ಎದ್ದು ನಿಂತು ಮುಂದೆ ಬಂದಿತ್ತು, ಇನ್ನೇನು ಎರಡು ನಿಮಿಷ ಅನ್ನುವಾಗ ಒಂದು ಉದ್ದದ ಪಾಸು, 50 ಗಜದ ಟಚ್‌ಡೌನ್, 31-28ಕ್ಕೆ ಸೋಲು. ಸೋಫಾದ ಮೇಲೆ ಕೂತು ನಾನು "ಆ ಹುಡುಗ ಇದ್ದಿದ್ದರೆ" ಅಂತ ಜೋರಾಗಿಯೇ ಹೇಳಿದೆ. ಅಮ್ಮ ಯಾವ ಹುಡುಗ, ಯಾರಿಗೆ ಏನಾಯಿತು ಅಂತ ಹೆದರಿ ಓಡಿ ಬಂದರು.

ಅದಕ್ಕೂ ಮೂರು ವಾರ ಮೊದಲು, ಸೆಪ್ಟೆಂಬರ್ 22ರ ಭಾನುವಾರ ಬೆಳಿಗ್ಗೆ, ಬೇಲರ್ ವಿರುದ್ಧದ ಮ್ಯಾಚು. ಮ್ಯಾಚಿಗೆ ಮೊದಲು ಕೊಲರಾಡೋದವರು ಮೈದಾನದ ಸುತ್ತ ಕಾಡುಕೋಣದಂಥ ಒಂದು ಬೈಸನ್ ಓಡಿಸುತ್ತಾರೆ, ರಾಲ್ಫಿ ಅಂತ ಹೆಸರು, ಹೆಣ್ಣು. ನಾಲ್ಕೈದು ಜನ ಹಗ್ಗ ಹಿಡಿದು ಪಕ್ಕದಲ್ಲಿ ಓಡುತ್ತಾರೆ. ಕಂಬಳ ನೋಡಿದವರಿಗೆ ನಗು ಬರುತ್ತದೆ, ನೀರಿಲ್ಲ, ಕೆಸರಿಲ್ಲ, ಕೋಣವೇ ಜನರನ್ನು ಓಡಿಸುತ್ತದೆ. ಇರಲಿ. ಮ್ಯಾಚಿನ ಕೊನೆಯ ಗಳಿಗೆಯಲ್ಲಿ ಕೊಲರಾಡೋದ ಕ್ವಾರ್ಟರ್‌ಬ್ಯಾಕ್ ಶೆಡೂರ್ ಸ್ಯಾಂಡರ್ಸ್ 43 ಗಜ ದೂರಕ್ಕೆ ದೇವರ ಮೇಲೆ ಭಾರ ಹಾಕಿ ಎಸೆದ ಪಾಸಿನಿಂದ ಸಮ ಆಯಿತು, ಹೆಚ್ಚುವರಿ ಆಟಕ್ಕೆ ಹೋಯಿತು. ಕೊಲರಾಡೋ 38-31 ಮುಂದೆ. ಈಗ ಬೇಲರ್ ಸರದಿ, ಗೆರೆಗೆ ಒಂದೆರಡು ಗಜ ಬಾಕಿ, ಅವರ ರನ್ನಿಂಗ್ ಬ್ಯಾಕ್ ಚೆಂಡು ಅವುಚಿಕೊಂಡು ನುಗ್ಗಿದ. ದಾಟಿದ ಅಂತಲೇ ಅಂದುಕೊಂಡೆ. ಹಂಟರ್ ಬದಿಯಿಂದ ಬಂದು ಡಿಕ್ಕಿ ಹೊಡೆದ, ಚೆಂಡು ಕಂಕುಳಿಂದ ಕಳಚಿ ಹಾರಿತು, ಮ್ಯಾಚು ಮುಗಿಯಿತು. ಅಷ್ಟು ಹೊತ್ತಿಗೆ ಅವನು ಅದೇ ಮ್ಯಾಚಿನಲ್ಲಿ ರಿಸೀವರ್ ಆಗಿ 130 ಗಜ ಓಡಿ ದಣಿದವನು. ಭಾವ ಕಬಡ್ಡಿಯಲ್ಲಿ ಹೇಳುತ್ತಾರಲ್ಲ, ಕೊನೆಯ ರೈಡಿನಲ್ಲಿ ಕಾರ್ನರ್‌ನ ಕಾಲು ಏಳುವುದಿಲ್ಲ ಅಂತ. ಇವನದ್ದು ಎದ್ದಿತು.

ಅವತ್ತು ನಾನು ಮೂರು ಗಂಟೆ ಕೂತು ನೋಡಿದ್ದರಿಂದ ಆ ಒಂದು ಡಿಕ್ಕಿಯ ಬೆಲೆ ಗೊತ್ತಾಯಿತು. ಭಾವ ಅದನ್ನು 12 ಸೆಕೆಂಡಿನ ಕ್ಲಿಪ್ಪಿನಲ್ಲಿ ನೋಡಿ, "ಹಾಂ, ಒಳ್ಳೆ ಕ್ಯಾಚು" ಅಂತ ಒಂದು ಹೆಬ್ಬೆರಳು ಕಳಿಸಿದರು.

ಪ್ರಶಸ್ತಿಯ ದಿನ, ಡಿಸೆಂಬರ್ 15ರ ಭಾನುವಾರ, ನಮ್ಮ ಬೆಳಿಗ್ಗೆ ಆರೂವರೆಗೆ ಕಾರ್ಯಕ್ರಮ ಶುರು. ಹಿಂದಿನ ರಾತ್ರಿಯೇ ಮುಲುಂಡ್‌ಗೆ ಹೋಗಿ ಭಾವನ ಮನೆಯಲ್ಲಿ ಮಲಗಿದ್ದೆ. ಅಕ್ಕ ಟಿವಿಯ ಸದ್ದು ಕೇಳಿ ಎದ್ದು ಬಂದು, ನಾಲ್ಕು ಜನ ಸೂಟು ಹಾಕಿಕೊಂಡು ಕೂತಿದ್ದಾರೆ, ಮದುವೆಯಾ ಅಂತ ಕೇಳಿ ಮತ್ತೆ ಮಲಗಿದಳು. ಹಂಟರ್ ಗೆದ್ದ. 2,231 ಅಂಕ, ಜೆಂಟಿಗೆ 2,017. ಮೊದಲ ಜಾಗದ ವೋಟು 552ಕ್ಕೆ 309. 2009ರಲ್ಲಿ ಮಾರ್ಕ್ ಇಂಗ್ರಮ್ 28 ಅಂಕದಲ್ಲಿ ಗೆದ್ದ ಮೇಲೆ ಇಷ್ಟು ಹತ್ತಿರದ ಪೈಪೋಟಿ ಆಗಿರಲಿಲ್ಲ. ಗೇಬ್ರಿಯಲ್ ಮೂರು, ವಾರ್ಡ್ ನಾಲ್ಕು. ಭಾವ ಏನೂ ಮಾತಾಡದೆ ಟಿವಿ ಆರಿಸಿ ಚಪ್ಪಲಿ ಹಾಕಿಕೊಂಡರು.

ಮಾಟುಂಗಾಕ್ಕೆ ಹೋಗಿ ರಾಮಾಶ್ರಯದಲ್ಲಿ ಕೂತೆವು. ಭಾವ ಇಪ್ಪತ್ತು ವರ್ಷ ಹೋಟೆಲ್ ಲೈನಿನಲ್ಲಿದ್ದವರು, ಅಲ್ಲಿ ಕೂತರೆ ಬಾಯಿ ಬಿಡುತ್ತದೆ. ಕಾಫಿಯ ಲೋಟ ಬಟ್ಟಲನ್ನು ಜೆಂಟಿ ಮಾಡಿ, ಚಟ್ನಿ ಬಟ್ಟಲುಗಳನ್ನು ಎದುರಾಳಿಗಳು ಮಾಡಿ ಟೇಬಲ್ ತುಂಬ ಓಡಿಸಿದರು.

"ನೋಡು ಮಾರಾಯ, ಹೋಟ್ಲಲ್ಲಿ ದೋಸೆ ಭಟ್ಟ ಒಬ್ಬ ಇರ್ತಾನೆ. ಬೆಳಿಗ್ಗೆ ಆರಕ್ಕೆ ಕಾವಲಿ ಮುಂದೆ ನಿಂತ್ರೆ ಸಾವಿರ ದೋಸೆ ಎಬ್ಬಿಸ್ತಾನೆ. ಇನ್ನೊಬ್ಬ ಗಲ್ಲಾದಲ್ಲೂ ಕೂರ್ತಾನೆ, ದೋಸೆಯನ್ನೂ ಹೊಯ್ತಾನೆ. ಜನ ಬರುದು ಯಾರಿಗೆ?"

"ಗಲ್ಲಾದವನು ಹೊಯ್ದ ದೋಸೆಯೂ ಅಷ್ಟೇ ಚೆನ್ನಾಗಿದ್ರೆ, ಭಾವ?"

"ಹಾಗಾದ್ರೆ ಅವ ಭಟ್ಟನೇ. ಗಲ್ಲಾಕ್ಕೆ ಎಂತಕ್ಕೆ ಕೂರ್ಸಿದ್ರು ಅವನನ್ನು?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಶೀರಾ ತಿಂದೆ. ವಾಪಸ್ ಬರುವಾಗ ಹನ್ನೊಂದು ದಾಟಿ ಮೆಗಾಬ್ಲಾಕ್ ಶುರುವಾಗಿತ್ತು, ಸಯನ್ ಹತ್ತಿರ ಗಾಡಿ ನಿಂತು ನಿಂತು ಹೋಯಿತು, ಅಷ್ಟೂ ಹೊತ್ತು ಅದೇ ವಾದ. ಪಕ್ಕದಲ್ಲಿ ಕೂತ ಮರಾಠಿ ಹಿರಿಯರೊಬ್ಬರು ಯಾವ ಹೋಟೆಲು, ಮಾರಾಟಕ್ಕಿದೆಯಾ ಅಂತ ಕೇಳಿದರು.

ಈಗ ಪ್ಯಾಕಿನ ತೀರ್ಪು. ಶನಿವಾರ ರಾತ್ರಿ ನಿದ್ದೆ ಬಿಡಲು ತಯಾರಿದ್ದು, ಒಬ್ಬ ಆಟಗಾರನನ್ನು ಹಿಡಿದು ಸೀಸನ್ ಪೂರ್ತಿ ಹಿಂಬಾಲಿಸುವ ಹುಚ್ಚು ಇದ್ದರೆ ತಗೊಳ್ಳಿ. ಇಬ್ಬರು ಮೂವರು ಹಂಚಿಕೊಳ್ಳಿ. ಬರೇ ಸೋಮವಾರದ ಕಾಲ್‌ಗೆ ಮಾತು ಬೇಕಿದ್ದರೆ ಯೂಟ್ಯೂಬ್ ಸಾಕು, ಯಾರೂ ಪರೀಕ್ಷೆ ಮಾಡುವುದಿಲ್ಲ. ಐದಕ್ಕೆ ಮೂರು ಕೊಡುತ್ತಿದ್ದೆ. ಎರಡೂವರೆಗೆ ಇಳಿಸಿದ್ದು ಹೊಸ ವರ್ಷದ ದಿನ.

ಜನವರಿ 1, ಬೆಳಿಗ್ಗೆ ಆರು ಗಂಟೆ. ಬಾಯ್ಸಿ ಪ್ಲೇಆಫ್‌ನಲ್ಲಿ ಪೆನ್ ಸ್ಟೇಟ್ ವಿರುದ್ಧ. ಭಾವ ನಮ್ಮ ಮನೆಗೇ ಬಂದಿದ್ದರು, ಸೀಸನ್ನಿನಲ್ಲಿ ಅವರು ಪೂರ್ತಿ ಕೂತು ನೋಡಿದ ಮೊದಲ ಮ್ಯಾಚು. ಒಂದು ಸೀಸನ್ನಿನಲ್ಲಿ ಅತಿ ಹೆಚ್ಚು ಗಜ ಓಡಿದ ದಾಖಲೆ ಹಳೆಯ ರನ್ನಿಂಗ್ ಬ್ಯಾಕ್ ಬ್ಯಾರಿ ಸ್ಯಾಂಡರ್ಸ್‌ದು, 1988ರದ್ದು, 2,628. ಅದನ್ನು ದಾಟಲು ಜೆಂಟಿಗೆ 132 ಬೇಕಿತ್ತು. ಸ್ಯಾಂಡರ್ಸ್ ಅದನ್ನು ಮಾಡಿದ್ದು 11 ಮ್ಯಾಚಿನಲ್ಲಿ, ಆಗ ಸೀಸನ್ ಮುಗಿದ ಮೇಲೆ ಆಡುವ ಬೌಲ್ ಮ್ಯಾಚಿನ ಓಟ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಜೆಂಟಿಗೆ ಇದು 14ನೆಯದು. ಅದನ್ನು ನಾನು ಭಾವನಿಗೆ ಹೇಳಲಿಲ್ಲ, ಹಬ್ಬದ ದಿನ ಬೇಡ ಅಂತ. ಪೆನ್ ಸ್ಟೇಟ್‌ನವರು ಒಬ್ಬರಲ್ಲ, ಇಬ್ಬಿಬ್ಬರು ಬಂದು ಬೀಳುತ್ತಿದ್ದರು. 30 ಓಟ, 104 ಗಜ, ಚೆಂಡು ಎರಡು ಸಲ ಕೈಜಾರಿತು. 31-14ಕ್ಕೆ ಸೋಲು. ಒಟ್ಟು 2,601. ದಾಖಲೆಗೆ 27 ಗಜ ಬಾಕಿ.

ಭಾವ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಅವರು ಮೊದಲ ಸಲ ಜೆಂಟಿ ಬಿದ್ದು, ಎದ್ದು, ಮತ್ತೆ ನೆಟ್ಟಗೆ ಕೈ ಇಳಿಬಿಟ್ಟು ನಿಂತದ್ದನ್ನು ಅಷ್ಟು ಸಲ ನೋಡಿದ್ದು. ನನಗೂ ಅವತ್ತು ಅವನ ಮೇಲೆ ಪ್ರೀತಿ ಜಾಸ್ತಿಯಾಯಿತು, ಹೇಳಬೇಕು. ಆಮೇಲೆ ಭಾವ ಚಾ ಲೋಟ ಕೆಳಗಿಟ್ಟು, "ಆ ನಿನ್ನ ಹುಡುಗನದ್ದು, ಯಾವುದೋ ಮ್ಯಾಚು ಹೇಳ್ತಿದ್ದಿ ಅಲ್ದಾ, ಗೆರೆ ಹತ್ರ ಡಿಕ್ಕಿ ಹೊಡ್ದದ್ದು, ಅದನ್ನ ಪೂರ್ತಿ ಹಾಕು ಕಾಂಬ" ಅಂದರು.

ನಾನು ಖುಷಿಯಲ್ಲಿ ಆ್ಯಪ್ ತೆರೆದು ಬೇಲರ್ ಅಂತ ಹುಡುಕಿದೆ. ಸಿಗಲಿಲ್ಲ. ಸೆಪ್ಟೆಂಬರ್ ತಿಂಗಳೇ ಇರಲಿಲ್ಲ. ನಿಯಮಗಳ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು, ಪೂರ್ತಿ ಮ್ಯಾಚುಗಳನ್ನು 30 ದಿನ ಮಾತ್ರ ಇಡುತ್ತಾರೆ, ಆಮೇಲೆ ತೆಗೆದುಬಿಡುತ್ತಾರೆ. 40 ನಿಮಿಷದ್ದೂ ಇಲ್ಲ. ಉಳಿದದ್ದು ಹೈಲೈಟ್ಸ್ ಮಾತ್ರ.

ಭಾವ ಅದನ್ನೇ ನೋಡಿದರು. ಅದು ಮುಗಿದ ಮೇಲೆ ಆ್ಯಪ್ ತಾನಾಗಿಯೇ ಜೆಂಟಿಯ 267 ಗಜದ ಹೈಲೈಟ್ಸ್ ಹಾಕಿತು. ಅದನ್ನೂ ನೋಡಿದರು. "ನೋಡಿದ್ಯಾ," ಅಂದರು.